ಅತ್ತೆ ಕೊಟ್ಟ ಮಾತು

ನಮ್ಮತ್ತೆ ಅಂದರೆ ನನಗೆ ಮೊದಲು ನೆನಪಾಗುವುದು ಅವರ ಬಲಗೈ. ಮೊಣಕೈ ಹತ್ತಿರದವರೆಗೂ ಹಸಿರು ಗಾಜಿನ ಬಳೆ, ಬೆರಳ ಸಂದಿಯಲ್ಲಿ ಒಣಗಿದ ರಾಗಿಹಿಟ್ಟು. ನಡುಮನೆಯ ಬಾಗಿಲು ಒಂದಿಷ್ಟೇ ತೆರೆದು ಆ ಕೈ ಮಾತ್ರ ಹೊರಬಂದು ಚಿಲಕದ ಸರಪಳಿಯನ್ನು ಅಲುಗಿಸುತ್ತಿತ್ತು. ಪಡಸಾಲೆಯಲ್ಲಿ ಕೂತ ಮಾವನವರಿಗೆ ಅದೇ ಕರೆ. ಮೆಲ್ಲಗೆ ಸದ್ದಾದರೆ ಕಾಫಿ ಆಗಿದೆ, ಬಿಡದೆ ಗಲಗಲ ಅಂದರೆ ತುರ್ತಾಗಿ ಒಳಗೆ ಬನ್ನಿ ಅಂತ. ಅಜ್ಜಂಪುರದ ಆ ಮಂಡಿ ವ್ಯಾಪಾರಿಗಳ ಮನೆಯಲ್ಲಿ, ನಾಲ್ಕು ಜನ ಗಂಡಸರು ಕೂತಿದ್ದಾಗ ಹೆಂಗಸರು ಪಡಸಾಲೆಗೆ ಬರುತ್ತಿರಲಿಲ್ಲ. ಗಂಡನನ್ನು ಕೂಗಿ ಕರೆಯುವುದಂತೂ ದೂರದ ಮಾತು.

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಲಿಂಗದಹಳ್ಳಿಯ ಮೇಷ್ಟರ ಮಗಳು, ಬಿ.ಎ. ಮುಗಿಸಿ ಮೈಸೂರಿನಲ್ಲಿ ಸಂವಹನ ಮತ್ತು ಪತ್ರಿಕೋದ್ಯಮದ ಎಂ.ಎ.ಗೆ ಸೇರಿದ್ದೆ. ಒಂದು ವರ್ಷ ಮುಗಿದಿತ್ತು, ಇನ್ನೊಂದು ಬಾಕಿ. ಮೊದಲೇ ಬಾಯಿ ಜೋರು ಅಂತ ಹೆಸರಾದವಳು ಮಾತಿನ ವಿದ್ಯೆಯನ್ನೇ ಓದಲು ಹೊರಟದ್ದಕ್ಕೆ ನಮ್ಮೂರಲ್ಲಿ ನಗದವರಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅಮ್ಮ ಹೆದರುತ್ತಲೇ ಓದಿನ ವಿಷಯ ಎತ್ತಿದರು. ಅತ್ತೆ ಅಮ್ಮನ ಕೈ ಹಿಡಿದುಕೊಂಡು, “ಅದ್ಯಾಕಾಗಲ್ಲ? ನಮ್ಮನೆಗ್ ಬಂದ್ಮೇಲೂ ಓದ್ಲಿ ಬಿಡಿ” ಅಂದರು. “ಅದ್ಯಾಕಾಗಲ್ಲ” ಅನ್ನುವುದು ಅವರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಸಾರಿಗೆ ತರಕಾರಿ ಇಲ್ಲವೆಂದರೂ ಅದೇ, ಬೀರೂರಿನ ಬಸ್ಸು ತಪ್ಪಿತು, ಮದುವೆಗೆ ಹೋಗುವುದು ಹೇಗೆ ಅಂದರೂ ಅದೇ.

ಮದುವೆ ಬೇಸಿಗೆ ರಜೆಯಲ್ಲೇ ಆಯಿತು. ಕಾಲೇಜು ಶುರುವಾಗುವ ದಿನ ಹತ್ತಿರ ಬಂದರೂ ಮಾವನವರು ತುಟಿ ಬಿಚ್ಚಲಿಲ್ಲ. ನನ್ನ ಯಜಮಾನರಿಗೆ ನನ್ನನ್ನು ಕಳಿಸುವ ಮನಸ್ಸಿತ್ತು, ಆದರೆ ಅಪ್ಪನೆದುರು ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ಯಗಟಿಯ ಹಿರಿಯರೊಬ್ಬರು ಮಂಡಿ ವ್ಯವಹಾರಕ್ಕೆ ಬಂದವರು, ಸೊಸೆ ಏನು ಓದಿದ್ದಾಳೆ ಅಂತ ವಿಚಾರಿಸಿದರು. ನಾನೂ ಅತ್ತೆಯೂ ಬಾಗಿಲ ಹಿಂದೆಯೇ ಇದ್ದೆವು.

“ಅದೇನೋ ಸಂವಹನ ಅಂತೆ. ಮಾತಾಡೋದನ್ನ ಕಲಿಸ್ತಾರಂತೆ ಕಣಪ್ಪ. ಸಾಕು, ಇನ್ ಕಳ್ಸಲ್ಲ” ಅಂದರು ಮಾವನವರು.

ಅತ್ತೆಯ ಕೈ ಸರಪಳಿಗೆ ಹೋಯಿತು. ಸದ್ದಾಯಿತು. “ಕಾಫಿ ಬಂತೇನೋ” ಅಂದರು ಮಾವನವರು, ಏಳಲಿಲ್ಲ. ಅತ್ತೆ ಮತ್ತೆ ಅಲುಗಿಸಿದರು, ಈ ಸಲ ಗಲಗಲ ಅಂತ. ಅವರು ಕೂತಲ್ಲೇ ಎಲೆಗೆ ಸುಣ್ಣ ಸವರುತ್ತಿದ್ದರು. ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಸೆರಗನ್ನು ತಲೆ ತುಂಬ ಹೊದ್ದು ಬಾಗಿಲು ಪೂರ್ತಿ ತೆಗೆದು ಪಡಸಾಲೆಯ ನಡುವೆ ಹೋಗಿ ನಿಂತುಬಿಟ್ಟರು.

“ಮಾತ್ ಕೊಟ್ಟೋಳು ನಾನ್ ಕಣ್ರೀ. ಓದಿಸ್ತೀವಿ ಅಂತ ಅವರಮ್ಮನ್ ಕೈ ಹಿಡ್ಕಂಡ್ ಹೇಳಿದೀನಿ. ಈಗ ನಾನ್ ಸುಳ್ಳಿ ಅನ್ನಿಸ್ಕೋಬೇಕಾ?”

ದನಿ ನಡುಗುತ್ತಿತ್ತು. ಯಗಟಿಯವರು ಕೆಮ್ಮಿ, “ಅಮ್ಮಾರ್ ಹೇಳೋದೂ ಸರಿಯಾಗೈತಲ್ಲ ಸಾವ್ಕಾರ್ರೆ” ಅಂದರು. ಮಾವನವರು ಎಲೆ ಮಡಿಸಿ ಬಾಯಿಗಿಟ್ಟು, ನಿಧಾನವಾಗಿ ಅಗಿದು, ಕೊನೆಗೆ ಯಾರ ಮುಖವನ್ನೂ ನೋಡದೆ ಕೇಳಿದರು: “ರೈಲಿಗೆ ಹೋಗ್ತಾಳೋ, ಬಸ್ಸಿಗೋ?”

ರೈಲಿಗೇ ಹೋದೆ. ನಿಲ್ದಾಣದವರೆಗೆ ಅತ್ತೆಯೇ ಬಂದು ರೊಟ್ಟಿ ಚಟ್ನಿಪುಡಿಯ ಗಂಟನ್ನು ಕಿಟಕಿಯಿಂದ ಕೊಟ್ಟರು. ರಜೆಗೆ ಬಂದಾಗಲೆಲ್ಲ ಅಕ್ಕಿ ಆರಿಸುತ್ತ, “ಏನೇನ್ ಹೇಳ್ಕೊಟ್ರು, ಒಪ್ಸು ನೋಡಾಣ” ಅನ್ನುತ್ತಿದ್ದರು. ಪತ್ರಿಕೆ, ರೇಡಿಯೊ, ಜಾಹೀರಾತು ಎಲ್ಲವನ್ನೂ ಕಣ್ಣರಳಿಸಿ ಕೇಳುವರು. ಮಾತಿಲ್ಲದೆ ನಡೆಯುವ ಸಂವಹನ ಅಂತ ಒಂದು ಪಾಠವಿತ್ತು. ಅದರ ಸೆಮಿನಾರಿನಲ್ಲಿ ಅವರ ಚಿಲಕದ ಕಥೆ ಹೇಳಿದೆ, ಎಲ್ಲರೂ ಬೆಂಚು ತಟ್ಟಿದರು ಅಂದೆ. ಅತ್ತೆಗೆ ಕೆಂಡಾಮಂಡಲ ಕೋಪ.

“ಅಯ್ಯೋ ನಿನ್ನ! ನಮ್ಮನೆ ಚಿಲಕದ್ ವಿಷ್ಯ ಮೈಸೂರ್ ತಂಕ ಹೊತ್ಕಂಡೋದ್ಯೇನೇ?”

ಅಕ್ಕಿಯ ಮೊರ ಎತ್ತಿಕೊಂಡು ಹಿತ್ತಲಿಗೆ ನಡೆದುಬಿಟ್ಟರು. ರಾತ್ರಿ ಮುದ್ದೆ ಬಡಿಸುವಾಗ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: “ಎಲ್ರೂ ಬೆಂಚ್ ತಟ್ಟಿದ್ರಾ? ಇನ್ನೊಂದ್ಸಲ ಹೇಳೇ.”

ಅಷ್ಟರಲ್ಲಿ ಆ ಚಿಲಕಕ್ಕೂ ಕೆಲಸ ಕಡಿಮೆಯಾಗಿತ್ತು. ಅತ್ತೆ ಒಂದು ಮಣೆ ಹಾಕಿಕೊಂಡು ಪಡಸಾಲೆಯಲ್ಲೇ ಕೂರತೊಡಗಿದ್ದರು. ಬಂದವರ ಮಗಳ ಬಾಣಂತನ, ಹಸುವಿನ ಕಾಯಿಲೆ, ಮಠದ ದಾಸೋಹ, ಯಾವುದನ್ನೂ ಬಿಡುತ್ತಿರಲಿಲ್ಲ. “ಓದಕ್ ಕಳ್ಸಿದ್ದು ಸೊಸೇನ, ಮಾತ್ ಕಲ್ತಿದ್ದು ಇವ್ಳು” ಅಂತ ಮಾವನವರು ಎಲ್ಲರೆದುರು ಛೇಡಿಸುವರು. “ಫೀಸಿಲ್ದೆ ಕಲ್ತೆ, ನಿಮಗೇನ್ ನಷ್ಟ?” ಅನ್ನುವರು ಅತ್ತೆ. ಆ ಮನೆಯಲ್ಲಿ ಅಷ್ಟು ನಗುವಿತ್ತೆಂದು ನನಗೆ ಮೊದಲು ಗೊತ್ತೇ ಇರಲಿಲ್ಲ.

ಎಂ.ಎ. ಮುಗಿಯಿತು. ಕೆಲವು ವರ್ಷಗಳ ಮೇಲೆ ಅದೇ ವಿಷಯವನ್ನು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಎಂಬತ್ತರ ದಶಕ ಮುಗಿಯುವ ಮುಂಚೆ ಅತ್ತೆ ನಾಲ್ಕು ದಿನದ ಜ್ವರದಲ್ಲಿ ಶಿವಾಧೀನರಾದರು. ಶಿವಗಣಾರಾಧನೆಯ ದಿನ ಪಡಸಾಲೆ, ಜಗಲಿ, ಬೀದಿಯವರೆಗೂ ಜನ. ಗಂಡಸರು ಒಬ್ಬೊಬ್ಬರಾಗಿ ಎದ್ದು ಅವರ ಬಗ್ಗೆ ಮಾತಾಡಿದ ಮೇಲೆ ಮಾವನವರು ನಡುಮನೆಯ ಕಡೆ ತಿರುಗಿ ನನ್ನನ್ನು ಕರೆದರು. “ಬಾರವ್ವ, ನೀನೂ ನಾಲ್ಕ್ ಮಾತಾಡು.”

ನಡುಮನೆಯಿಂದ ಬಂದು ಪಡಸಾಲೆಯ ನಡುವೆ ನಿಂತೆ. ಅತ್ತೆ ನನಗಾಗಿ ಅಲ್ಲಿ ಬಂದು ನಿಂತ ಬೆಳಗಿನ ಕಥೆಯನ್ನೇ ಹೇಳತೊಡಗಿದೆ. ದಿನವೂ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವಳ ದನಿ ಅವತ್ತು ನನಗೇ ಕೇಳದಷ್ಟು ಸಣ್ಣಗಿತ್ತು. ಮಾವನವರು ತಲೆ ತಗ್ಗಿಸಿ ಕೇಳುತ್ತಿದ್ದರು. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ತಲೆ ಎತ್ತಿ ಅಂದರು:

“ಜೋರಾಗ್ ಹೇಳವ್ವ. ಬೀದೀಲ್ ನಿಂತಿರೋರ್ಗೂ ಕೇಳ್ಲಿ.”