ಕೆರಿಬಿಯನ್ ದ್ವೀಪದ ಕಳ್ಳ ಮತ್ತು ಅತ್ತೆ ಕಟ್ಟಿದ ಅರಿಶಿನದ ಕೊಂಬು

ಹಿಂದಿನಿಂದ ಒಂದು ಕೈ ಬಂದು ನನ್ನ ಕುತ್ತಿಗೆಯ ದಾರಕ್ಕೆ ಬಿತ್ತು. ಒಂದೇ ಎಳೆತ. ದಾರ ಹರಿದೇ ಹೋಯಿತು.

ನಡೆದದ್ದು ಕೆರಿಬಿಯನ್ ದ್ವೀಪವೊಂದರ ಮಾರ್ಕೆಟ್ಟಿನಲ್ಲಿ, ಹಾಡಹಗಲಲ್ಲಿ. ದ್ವೀಪದ ಹೆಸರು ಹೇಳುವುದಿಲ್ಲ. ಯಾವನೋ ಒಬ್ಬ ಮಾಡಿದ್ದಕ್ಕೆ ಇಡೀ ಊರಿಗೆ ಯಾಕೆ ಕೆಟ್ಟ ಹೆಸರು?

ನಮ್ಮ ಯಜಮಾನರಿಗೆ ಕ್ರಿಕೆಟ್ ಹುಚ್ಚು. ಹೋದ ವರ್ಷ ಬೈಪಾಸ್ ಆದ ಮೇಲೆ ಒಂದೇ ಹಟ... ವೆಸ್ಟ್ ಇಂಡೀಸ್ ನೆಲದಲ್ಲಿ ಕೂತು ಒಂದು ಟೆಸ್ಟ್ ಮ್ಯಾಚ್ ನೋಡಬೇಕು, ಅದೂ ಮೊದಲ ಬಾಲ್‌ನಿಂದ. ಡಾಕ್ಟರ್ ಸರಿ ಅಂದರು, ಟೂರ್ ಗ್ರೂಪ್ ಸಿಕ್ಕಿತು, ಹೊರಟೆವು.

ಟೂರ್‌ನವರು ಹೇಳಿದ್ದೇ ಹೇಳಿದ್ದು. ಚಿನ್ನ ಹಾಕಬೇಡಿ, ಪಾಸ್‌ಪೋರ್ಟ್ ರೂಮಿನಲ್ಲೇ ಭದ್ರವಾಗಿಡಿ, ಖಾಲಿ ಬೀಚ್ ಕಡೆ ಒಬ್ಬೊಬ್ಬರೇ ಹೋಗಬೇಡಿ, ಹೋಟೆಲ್‌ನವರು ಕರೆಸಿದ ಟ್ಯಾಕ್ಸಿಯನ್ನೇ ಹತ್ತಿ. ಯಾರಾದರೂ ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ, ಹಿಂದೆ ಓಡಬೇಡಿ.

ಎಲ್ಲಕ್ಕೂ ಹೂಂ ಅಂದೆ. ಆದರೆ ತಾಳಿ ಸರ?

"ಬರೀ ಕುತ್ತಿಗೆಲಿ ಸಮುದ್ರ ದಾಟ್ತೀಯೇನೇ? ನನ್ನ ಮಗ ಈಗ ತಾನೇ ಎದ್ದು ಓಡಾಡ್ತಾ ಇದಾನೆ" ಅಂತ ಅತ್ತೆ ರಾಗ ತೆಗೆದರು. ಕೊನೆಗೆ ಅವರೇ ಚಿನ್ನದ ಸರ ಬಿಚ್ಚಿಸಿ, ಅರಿಶಿನದ ದಾರಕ್ಕೆ ಒಂದು ಅರಿಶಿನದ ಕೊಂಬು ಕಟ್ಟಿ ಹಾಕಿದರು.

"ಸಾರಿಗೆ ಹಾಕೋದನ್ನ ಕುತ್ತಿಗೆಗೆ ಹಾಕಿದೀಯಲ್ಲಮ್ಮ" ಅಂತ ಇವರು ನಕ್ಕರು. ಇಂಥದ್ದರಲ್ಲೆಲ್ಲ ಇವರಿಗೆ ಎಳ್ಳಷ್ಟೂ ನಂಬಿಕೆ ಇಲ್ಲ.

ನಮ್ಮ ಬಸವೇಶ್ವರನಗರದಲ್ಲಿ ತರಕಾರಿಗೆ ಹೊರಟ ಹೆಂಗಸರನ್ನು ನೋಡಿ. ಹಿಂದೆ ಬೈಕ್ ಸದ್ದಾದರೆ ಸಾಕು, ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಆ ಅಭ್ಯಾಸವನ್ನು ನಾನು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದೆ.

ಒಂದೊಂದು ಸ್ಕೂಟರ್ ಹೋದಾಗಲೂ ದುಪಟ್ಟಾ ಎಳೆದು ಕುತ್ತಿಗೆ ಮುಚ್ಚಿಕೊಂಡೆ. ನೋಡಿದವನು ಏನಂದುಕೊಳ್ಳಬೇಕು? ಒಳಗೆ ದಪ್ಪ ಸರ ಇದೆ ಅಂತ ತಾನೇ!

ಕಿತ್ತವನು ಅಂಗೈ ಬಿಡಿಸಿ ನೋಡಿದ. ಹಳದಿ ಕೊಂಬು. ಅವನ ಮುಖ ನೋಡಬೇಕಿತ್ತು, ಪಾಪ! ರಸ್ತೆಗೆ ಎಸೆದು ಓಡಿದ.

ಟೂರ್‌ನವರು ಹೇಳಿದ್ದೆಲ್ಲ ಮರೆತು ನಾನು, "ಲೇ, ನಿಲ್ಲೋ!" ಅಂತ ಕನ್ನಡದಲ್ಲೇ ಬೈಯುತ್ತಾ ಅವನ ಹಿಂದೆ ಓಡಿದೆ. ತಿರುಗಿದರೆ ನನ್ನ ಹಿಂದೆ ಆಪರೇಷನ್ ಆದ ಈ ಮನುಷ್ಯ ಓಡಿ ಬರುತ್ತಿದ್ದಾರೆ! ಜೀವ ಬಾಯಿಗೆ ಬಂತು, ಅಲ್ಲೇ ನಿಂತೆ.

ಅಷ್ಟರಲ್ಲಿ ಒಂದು ವ್ಯಾನ್ ಕೊಂಬಿನ ಮೇಲೆ ಹಾದುಹೋಯಿತು.

ಗ್ರೂಪಿನವರು ನಕ್ಕರು. "ಏನೂ ಹೋಗಿಲ್ವಲ್ಲ ಆಂಟಿ, ಬನ್ನಿ, ಮ್ಯಾಚ್‌ಗೆ ಲೇಟಾಗುತ್ತೆ" ಅಂದರು.

ಏನೂ ಹೋಗಿರಲಿಲ್ಲ, ನಿಜ. ಆದರೂ ಏದುಸಿರು ಬಿಡುತ್ತಿದ್ದ ಇವರ ಎದೆಯನ್ನೇ ನೋಡುತ್ತಾ ಫುಟ್‌ಪಾತಿನಲ್ಲಿ ಕೂತು ಅತ್ತುಬಿಟ್ಟೆ. ಆ ದಾರ ಹರಿಯಬಾರದಿತ್ತು ಅಂತ ಬಾಯಿಬಿಟ್ಟು ಹೇಳಲೂ ಭಯ.

ಇವರಿಗೆ ಅರ್ಥವಾಯಿತು. "ನೀವು ಹೋಗ್ತಾ ಇರಿ, ನಾವು ಹೋಟೆಲ್‌ಗೆ ಫೋನ್ ಮಾಡಿ ಟ್ಯಾಕ್ಸಿ ಕರೆಸ್ಕೊಂಡು ಬರ್ತೀವಿ" ಅಂತ ಗ್ರೂಪಿನವರನ್ನು ಕಳಿಸಿದರು. ಮೊದಲ ಬಾಲ್ ತಪ್ಪಿತು ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಎದುರಿಗೇ ಒಬ್ಬ ಅಜ್ಜಿ ಗೆಡ್ಡೆ ಗೆಣಸು ಮಾರುತ್ತಿದ್ದರು. ಶುಂಠಿಯ ಪಕ್ಕದಲ್ಲಿ ಹಸಿ ಅರಿಶಿನ ಇತ್ತು! ಇವರು ಎರಡು ಕೊಂಬು ಕೊಂಡು, ಅಜ್ಜಿಯ ಹತ್ತಿರವೇ ಸೊಪ್ಪು ಕಟ್ಟುವ ದಾರ ಕೇಳಿ ಇಸಕೊಂಡರು. ಒಂದು ಕೊಂಬನ್ನು ಮುರಿದು ದಾರಕ್ಕೆಲ್ಲ ಉಜ್ಜಿದರು, ಇನ್ನೊಂದನ್ನು ಅದಕ್ಕೆ ಕಟ್ಟಿದರು. ಬೆರಳೆಲ್ಲ ಹಳದಿ.

"ತಲೆ ಬಗ್ಗಿಸೇ" ಅಂದರು.

ನಮ್ಮದು ರಿಜಿಸ್ಟರ್ ಮದುವೆ. ಹಾರ ಬದಲಾಯಿಸಿ ಸೈನ್ ಹಾಕಿದ್ದಷ್ಟೇ. ತಾಳಿ ಸರವನ್ನು ಆಮೇಲೆ ಮನೆಯಲ್ಲಿ ಅತ್ತೆ ಹಾಕಿದ್ದರು.

ಅಷ್ಟು ಜನರ ಓಡಾಟದ ನಡುವೆ ಇವರು ಒಂದೊಂದಾಗಿ ಮೂರು ಗಂಟು ಹಾಕಿದರು. "ಬಿಗಿಯಾಯ್ತಾ?" ಅಂತ ಬೇರೆ ಕೇಳಿದರು. ಗಂಟು ಮುಟ್ಟಿ ನೋಡಿ ತಲೆಯಾಡಿಸಿದೆ.

ಊರಿಗೆ ಬಂದು ಸುಮಾರು ದಿನವಾಯಿತು. ಕೊಂಬು ಒಣಗಿ ಸುಕ್ಕಾಗಿದೆ. "ಇನ್ನಾದ್ರೂ ಅದನ್ನ ತೆಗೆದು ಚಿನ್ನದ ಸರ ಹಾಕ್ಕೊಳ್ಳೇ" ಅಂತ ಅತ್ತೆ ದಿನಾ ಹೇಳುತ್ತಾರೆ.

ನನ್ನ ಗಂಡ ನನಗೆ ಕಟ್ಟಿದ ತಾಳಿ ಇದೊಂದೇ... ನೀವಾಗಿದ್ದರೆ ಬಿಚ್ಚುತ್ತಿದ್ದಿರಾ?