ಲಿಂಗ ಕಟ್ಟಿಕೊಂಡು ನೆಲಕ್ಕಿಳಿಯುವುದು

ಎಂಬತ್ತರ ದಶಕದ ಮೊದಲ ವರ್ಷಗಳು. ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ ವಿಜ್ಞಾನಿಗಳ ಕೈಕೆಳಗೆ ಕೆಲಸ ಕಲಿಯಲು ನಮ್ಮ ಕಾಲೇಜಿನಿಂದ ಒಬ್ಬನಿಗೆ ಅವಕಾಶ ಬಂತು. ಫಿಜಿಕ್ಸ್ ಸರ್ ನನ್ನನ್ನು ಆರಿಸಿದರು. ನಾನು ಹೋಗದಿದ್ದರೆ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಬಾದಾಮಿಯ ಗೆಳೆಯ ಹೋಗುವುದೆಂದಾಗಿತ್ತು.

ನನಗೆ ನ್ಯೂಟ್ರಿನೊ ಹುಚ್ಚು ಹತ್ತಿತ್ತು. ಬಾದಾಮಿಯ ಗುಡ್ಡ ಇದ್ದೂ ಇಲ್ಲವೇನೋ ಎಂಬಂತೆ ಅದರೊಳಗಿಂದ ಹಾದುಹೋಗುವ ಕಣ ಅದು. ಬೇರೆಲ್ಲ ಕಿರಣಗಳನ್ನು ಬಂಡೆಗಳು ಮೇಲೆಯೇ ತಡೆಯುವಷ್ಟು ಆಳಕ್ಕೆ ಇಳಿದರೆ, ಎಂದೋ ಒಮ್ಮೆ ಅದರ ಗುರುತು ಸಿಕ್ಕೀತು. ಆ ಆಳಕ್ಕೆ ನಾನು ಇಳಿಯಬೇಕಿತ್ತು, ಅಷ್ಟೇ.

ಇಳಕಲ್ಲಿನ ಮನೆಯಲ್ಲಿ ಕೋಲಾರ ಎಂದಷ್ಟೇ ಹೇಳಿದ್ದೆ, ಗಣಿ ಎಂದಿರಲಿಲ್ಲ. ನಾವು ಲಿಂಗಾಯತರು. ಸತ್ತವರನ್ನು ಕೂಡಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುವವರು. ತಾಯಿಯಿಲ್ಲದ ನನ್ನನ್ನು ಸಾಕಿದ ಅಜ್ಜಿಗೆ, ನಮ್ಮ ಆಯಿಗೆ, ನೆಲದೊಳಗೆ ಎಂದರೆ ಮೊದಲು ಅದೇ ನೆನಪಾಗುತ್ತದೆಂದು ಗೊತ್ತಿತ್ತು. ಗೆಳೆಯನಿಗೂ ಹೇಳಿದ್ದೆ.

‘ಆಯಿ ಮುಂದ ಬಾಯಿ ಬಿಡಬ್ಯಾಡಲೇ.’

‘ನನಗೇನ್ ಹುಚ್ಚ್ ಹಿಡದದೇನಲೇ?’ ಎಂದು ನಕ್ಕಿದ್ದ.

ನಾನು ಹೊರಡುವ ಮುಂಚಿನ ವಾರ, ಅವನು ತನ್ನ ಅಕ್ಕನಿಗೆ ಸೀರೆ ಕೊಳ್ಳುವ ನೆಪದಲ್ಲಿ ಇಳಕಲ್ಲಿಗೆ ಬಂದ. ಅವನಿಗೆಂದು ಮಿರ್ಚಿ ಭಜಿ ತರಲು ಹೋದೆ. ಅಜ್ಜಿ ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಮರಳಿ ಬರುವಷ್ಟರಲ್ಲಿ ರಾಟೆ ನಿಂತಿತ್ತು. ಅವನು ಹೊಟ್ಟೆ ತುಂಬ ತಿಂದು ಬಸ್ಸು ಹತ್ತಿದ.

ಅಂದು ಅಜ್ಜಿ ಊಟಕ್ಕೆ ಏಳಲಿಲ್ಲ.

‘ಲಿಂಗ ಕಟಗೊಂಡು ನೆಲದಾಗ ಇಳಿಯೂದು ಒಂದ ಸಲ, ತಮ್ಮಾ. ನಿನಗಿಂತ ಮೊದಲ ನಾ ಇಳೀಬೇಕು.’

‘ಯಾರ್ ಹೇಳಿದ್ರು ನಿನಗ?’

‘ನಿನ್ನ ದೋಸ್ತನ ಹೇಳಿದ. ಕಣ್ಣಾಗ ನೀರ್ ತಂದ್ಕೊಂಡ ಹೇಳಿದ. ಭಾಳ ಚಲೋ ಹುಡುಗ.’

ಕಣ್ಣೀರು ಬೇರೆ! ಕೂಗಾಡಿದೆ, ಕಾಲು ಹಿಡಿದೆ. ಮರುದಿನವೂ ಅವಳು ಅನ್ನ ಮುಟ್ಟಲಿಲ್ಲ. ಬರುವುದಿಲ್ಲವೆಂದು ಸರ್‌ಗೆ ಹೇಳಿಬಿಟ್ಟೆ. ನನ್ನ ಬದಲು ಅವನು ಹೋದ. ಅವನೂ ಲಿಂಗಾಯತನೇ, ಅವನ ಎದೆಯ ಮೇಲೂ ಲಿಂಗವಿತ್ತು. ಅವನ ಮನೆಯವರ ಮುಂದೆ ಅಳಲು ಮಾತ್ರ ಯಾರೂ ಹೋಗಲಿಲ್ಲ.

ರಜೆ ಮುಗಿಸಿ ಬಂದವನು ಗಣಿಯ ಸೆಕೆ, ಕೆಳಗಿಳಿಸುವ ತೊಟ್ಟಿಲು, ಕತ್ತಲಲ್ಲಿ ಸಾಲಾಗಿ ನಿಂತ ಯಂತ್ರಗಳು ಎಂದು ಹೇಳಿದ್ದೇ ಹೇಳಿದ. ‘ಸಿಟ್ಟ್ ಬಂದದೇನಲೇ?’ ಎಂದೂ ಕೇಳಿದ. ಇಲ್ಲವೆಂದೆ. ಅವಕಾಶವನ್ನು ನೇರವಾಗಿ ಕಸಿದುಕೊಂಡಿದ್ದರೂ ಸಹಿಸುತ್ತಿದ್ದೆನೇನೋ, ಅಜ್ಜಿಯ ಪ್ರೀತಿಯನ್ನೇ ನನ್ನ ಮೇಲೆ ತಿರುಗಿಸಿದ್ದನಲ್ಲ.

ಕೆಲವು ವರ್ಷಗಳ ನಂತರ, ತಾನು ಹೇಳಿದ್ದಂತೆಯೇ, ಅಜ್ಜಿಯೇ ಮೊದಲು ಹೋದಳು. ಮಣ್ಣಿಗೆ ಆ ಗೆಳೆಯನೂ ಬಂದಿದ್ದ. ಕುಣಿಯಲ್ಲಿ ಕೂಡಿಸಿದ ಅವಳ ಅಂಗೈಯಲ್ಲಿ ಲಿಂಗವಿಡಲು ನನ್ನನ್ನು ಇಳಿಸಿದರು. ಆಳ ನನ್ನ ಎದೆಯಷ್ಟು. ಲಿಂಗವಿಟ್ಟು ಅವಳ ಬೆರಳು ಮಡಚಿ ಎದ್ದು ನಿಂತೆ.

‘ಬಾರಲೇ, ಕೈ ಕೊಡು,’ ಎಂದು ಮೇಲಿನಿಂದ ಅವನೇ ಬಗ್ಗಿದ.

ಹಸಿ ಮಣ್ಣಿನ ಅಂಚು ಹಿಡಿದು ನಾನೇ ಮೇಲೆ ಹತ್ತಿ ಬಂದೆ.