ನಾನು ಕಟ್ಟಿದ ಚಕ್ರ

ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ಬರೆದು ಅಭ್ಯಾಸ ಇಲ್ಲ. ಆದರೂ ಇದೊಂದನ್ನು ಬರೆದಿಡಬೇಕು, ಯಾಕೆಂದರೆ ಇದನ್ನು ಯಾರಿಗೆ ಹೇಳಬೇಕಾಗಿತ್ತೋ ಅವನು ಈಗ ಇಲ್ಲ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಕಂಕನಾಡಿಯ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಹಂಚಿನ ಮನೆ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಮನೆಯಲ್ಲಿ ಅಣ್ಣ ಮತ್ತು ನಾನು ಮಾತ್ರ. ನಾನು ಬೀಡಿ ಕಟ್ಟುತ್ತಿದ್ದೆ. ಅಣ್ಣ ಮರದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಒಂದು ದಿನ ಅವನ ಬಲಗೈ ಬೆಲ್ಟಿಗೆ ಸಿಕ್ಕಿ ಮೂರು ಬೆರಳು ಹೋದವು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಮನೆಯಲ್ಲೇ ಕುಳಿತ. ನನ್ನ ಬೀಡಿ ಎಲೆಗಳಿಗೆ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಡುವುದು ಅವನ ಕೆಲಸವಾಯಿತು. ಅದನ್ನು ಮಾಡುವಾಗ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹಾಗಿರುವಾಗ ಬಂದರಿನ ಮರದ ಡಿಪೋದ ಧಣಿ ಒಂದು ಗೋಣಿ ಚೀಲ ಕಳುಹಿಸಿದರು. ಅದರೊಳಗೆ ಬಿಚ್ಚಿ ಹಾಕಿದ ಒಂದು ಯಂತ್ರ. ಪೆಟ್ರೋಲಿನಲ್ಲಿ ಓಡುವ, ಸರಪಳಿಗೆ ಹಲ್ಲು ಇರುವ ಗರಗಸ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಬಿಟ್ಟುಹೋದದ್ದಂತೆ. ಊರಲ್ಲಿ ಅಂಥದ್ದನ್ನು ಹೆಚ್ಚಿನವರು ಕಂಡೇ ಇರಲಿಲ್ಲ. ಇದನ್ನು ಕಟ್ಟಿ ಓಡಿಸಿದರೆ ಡಿಪೋದ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ಅಣ್ಣನಿಗೆ ಎಂದು ಧಣಿ ಹೇಳಿ ಕಳುಹಿಸಿದ್ದರು. ಆ ದಿನ ಅಣ್ಣ ಒಂದು ವರ್ಷದ ನಂತರ ಗಡ್ಡ ಬೋಳಿಸಿಕೊಂಡ.

ಎರಡು ತಿಂಗಳು ಆ ಯಂತ್ರದ ಮುಂದೆ ಇಬ್ಬರೂ ಕುಳಿತೆವು. ತಲೆ ಅವನದು, ಬೆರಳು ನನ್ನದು. ಬೀಡಿಯ ತುದಿ ಮಡಚಿ ಮಡಚಿ ನನ್ನ ಬೆರಳು ಸಣ್ಣ ಕೆಲಸಕ್ಕೆ ಪಳಗಿತ್ತು. ಬಿಡಿಭಾಗಗಳನ್ನೆಲ್ಲ, ತುಕ್ಕು ಬಿಡಲಿ ಎಂದು, ದೀಪದ ಚಿಮಿಣಿ ಎಣ್ಣೆ ತುಂಬಿದ ತೆಂಗಿನ ಚಿಪ್ಪಿನ ಗೆರಟೆಗಳಲ್ಲಿ ನೆನೆಹಾಕಿ, ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದೆವು. ಎಂಜಿನಿನ ಒಂದು ಪಕ್ಕದಲ್ಲಿ ಕಿಡಿ ಹುಟ್ಟಿಸುವ ಆಯಸ್ಕಾಂತದ ಚಕ್ರ ಇತ್ತು. ಅದು ಎಂಜಿನಿನ ತಿರುಗುವ ದಂಡಕ್ಕೆ ಸರಿಯಾದ ಜಾಗದಲ್ಲಿ ಕೂರಲು ನಡುವೆ ಉಗುರಿನಷ್ಟು ಸಣ್ಣ, ಅರ್ಧಚಂದ್ರದಂಥ ಉಕ್ಕಿನ ಚೂರು. ಅಣ್ಣ ಅದಕ್ಕೆ ಚಾವಿ ಎನ್ನುತ್ತಿದ್ದ. ಬೇರೆಲ್ಲ ಕಟ್ಟಿ ಮುಗಿದ ಸಂಜೆ ಅದನ್ನು ಒಂದು ಗೆರಟೆಗೆ, ಸಣ್ಣದು, ಜಾಗ್ರತೆ ಎಂದು ನನಗೆ ತೋರಿಸಿಯೇ ಹಾಕಿದ್ದ. ಇದು ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ.

ಮಾರನೆಯ ಬೆಳಿಗ್ಗೆ ಅವನು ಪೆಟ್ರೋಲ್ ತರಲು ಹೋದ. ಚಕ್ರವನ್ನು ನೀನೇ ಕೂರಿಸಿ ನಟ್ಟು ಬಿಗಿ ಮಾಡಿಡು ಎಂದು ಹೇಳಿ ಹೋದ. ಅದಕ್ಕೆ ಮೊದಲು ನಾನು ಜಗಲಿ ಗುಡಿಸಲು ಹೊರಟೆ. ಕಪ್ಪಾದ ಚಿಮಿಣಿ ಎಣ್ಣೆಯನ್ನು, ಸೊಳ್ಳೆ ಸಾಯಲಿ ಎಂದು, ಮನೆಯ ಹಿಂದೆ ಕೊಳೆ ನೀರು ನಿಲ್ಲುವ ತೋಡಿಗೆ ಹೊಯ್ಯುವುದು ನಮ್ಮ ಓಣಿಯಲ್ಲಿ ಎಲ್ಲರ ಕ್ರಮ. ನಾಲ್ಕೈದು ಗೆರಟೆಗಳನ್ನು ಒಂದರ ಹಿಂದೆ ಒಂದು ಹೊಯ್ದೆ. ಚಕ್ರ ಕೂರಿಸಲು ಬಂದಾಗ ಚಾವಿ ಇರಲಿಲ್ಲ.

ತೋಡಿಗಿಳಿದು ಮೊಣಕಾಲಿನ ತನಕದ ಕೆಸರಿನಲ್ಲಿ ಕೈಯಾಡಿಸಿದೆ. ಸಿಗಲಿಲ್ಲ. ಕೈ ತೊಳೆದು ಬಂದು ಚಕ್ರವನ್ನು ಹಾಗೆಯೇ ದಂಡಕ್ಕೆ ಹಾಕಿ ನೋಡಿದೆ. ನಟ್ಟು ಬಿಗಿದಾಗ ಅದು ಗಟ್ಟಿಯಾಗಿಯೇ ಕೂತಿತು. ಹಿಡಿದು ಅಲುಗಾಡಿಸಿದರೂ ಅಲುಗಲಿಲ್ಲ. ಇಷ್ಟು ಗಟ್ಟಿ ಇರುವಾಗ ಆ ಚೂರಿನಿಂದ ಏನಾಗಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಣ್ಣ ಬಂದು ಎಲ್ಲ ಹಾಕಿದೆಯಾ ಎಂದು ಕೇಳಿದ. ಹಾಕಿದೆ ಎಂದೆ.

ಗರಗಸ ಸ್ಟಾರ್ಟ್ ಆಗಲಿಲ್ಲ.

ಅಣ್ಣ ಎಡಗೈಯಿಂದ ಹಗ್ಗ ಎಳೆದ. ಕೈ ಸೋತಾಗ ನಾನು ಎಳೆದೆ. ಅವನು ಪ್ಲಗ್ಗು ಬಿಚ್ಚಿ ಲೋಹಕ್ಕೆ ತಾಗಿಸಿ ಹಿಡಿದ. ನೀಲಿ ಕಿಡಿ ಚೆನ್ನಾಗಿಯೇ ಬಂತು. ಪೆಟ್ರೋಲ್ ಬರುತ್ತಿತ್ತು, ಪ್ಲಗ್ಗಿನ ತುದಿ ಒದ್ದೆ ಇತ್ತು. ಪ್ಲಗ್ಗಿನ ತೂತಿಗೆ ನನ್ನ ಹೆಬ್ಬೆರಳು ಒತ್ತಿಸಿ ಹಗ್ಗ ಎಳೆದ. ಗಾಳಿ ಬೆರಳನ್ನು ಹೊರಗೆ ತಳ್ಳಿತು. ಕಿಡಿ, ಪೆಟ್ರೋಲ್, ಗಾಳಿ ಮೂರೂ ಸರಿ ಇದ್ದ ಮೇಲೆ ಓಡಲೇಬೇಕು ಎಂದು ಅವನು ಮತ್ತೆ ಮತ್ತೆ ಹೇಳಿದ. ಒಮ್ಮೆ ಯಂತ್ರ ಕೆಮ್ಮಿದ ಹಾಗೆ ಮಾಡಿ ಹಗ್ಗವನ್ನು ಹಿಂದಕ್ಕೆ ಕಿತ್ತುಕೊಂಡಿತು. ಅವನ ಅಂಗೈ ಸುಲಿಯಿತು. ಮೂರನೆಯ ದಿನ ಕಾರ್ಬುರೇಟರನ್ನು ನಾಲ್ಕನೆಯ ಸಲ ಬಿಚ್ಚಿದೆವು. ಅವನು ಹೇಳಿದ ಹಾಗೆ ನಾನು ಬಿಚ್ಚಿದೆ, ಊದಿದೆ, ಕಟ್ಟಿದೆ. ಏನೂ ದೋಷವಿಲ್ಲದ್ದನ್ನು ಅಷ್ಟು ಶ್ರದ್ಧೆಯಿಂದ ತೊಳೆದೆ. ಜಗಲಿ ಬಿಟ್ಟು ಏಳುವ ಹಾಗಿಲ್ಲ, ಬಾಯಿ ಬಿಡುವ ಧೈರ್ಯ ಇಲ್ಲ.

ಪಕ್ಕದ ಮನೆಯ ಬಸ್ ಡ್ರೈವರ್ ಬಂದು ಬೇಲಿಗೆ ಒರಗಿ ನಿಂತ.

"ಎಂತ ಮಾರಾಯ, ನಿನ್ನ ಗರಗಸಕ್ಕೆ ಭೂತದ ಕೋಲ ಒಂದು ಹರಕೆ ಹೇಳಿಕೊಳ್ಳಬೇಕಾ?" ಎಂದು ನಕ್ಕ. ಆಮೇಲೆ ಒಳಗೆ ಬಂದು, ಬಗ್ಗಿ ನೋಡಿ, "ಹಿಂದಕ್ಕೆ ಒದೆಯುತ್ತದೆ ಅಂದ್ರೆ ಕಿಡಿ ಬರುವ ಹೊತ್ತು ತಪ್ಪಿದೆ. ಆ ಚಕ್ರ ಬಿಚ್ಚಿ ನೋಡು" ಎಂದ.

ಅಣ್ಣ ತಲೆ ಎತ್ತಲಿಲ್ಲ. "ಅದು ಬೇಡ. ಅದು ನನ್ನ ತಂಗಿ ಕಟ್ಟಿದ್ದು. ಅವಳ ಕೈ ತಪ್ಪುವುದಿಲ್ಲ."

ನಾನು ಅಲ್ಲೇ ಸ್ಪಾನರ್ ಹಿಡಿದು ಕುಳಿತಿದ್ದೆ. ಅಣ್ಣ, ಬಿಚ್ಚು ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸ್ಪಾನರ್ ಕೆಳಗಿಟ್ಟೆ. ಒಳಗೆ ಹೋಗಿ ಚಾಯ ಮಾಡಿ ತಂದೆ.

ಹತ್ತನೆಯ ದಿನ ಧಣಿಯ ಜನ ಬಂದು ಗರಗಸವನ್ನು ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಒಯ್ದರು. ಅವನು ಮೊದಲು ಬಿಚ್ಚಿದ್ದೇ ಚಕ್ರವನ್ನು. ಉಕ್ಕಿನ ಚೂರನ್ನು ಉಜ್ಜಿ ಹೊಸ ಚಾವಿ ಮಾಡಿ ಹಾಕಿದ. ಮೂರನೆಯ ಎಳೆತಕ್ಕೆ ಓಡಿತಂತೆ. ಚಾವಿ ಹಾಕದೆ ಚಕ್ರ ಕಟ್ಟುವ ಫಿಟ್ಟರನ್ನು ಇವತ್ತೇ ಕಂಡದ್ದು ಎಂದು ಬಂದರಿನಲ್ಲಿ ಎಲ್ಲರ ಮುಂದೆ ಹೇಳಿದನಂತೆ. ಕೆಲಸವೂ ಅವನಿಗೇ ಆಯಿತು.

ಆ ಸಂಜೆ ಅಣ್ಣ ಬಂದರಿನಿಂದ ನಡೆದುಕೊಂಡೇ ಬಂದ. ಚಪ್ಪಲಿ ಕಳಚದೆ ಜಗಲಿಯಲ್ಲಿ ಕುಳಿತ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಚಾವಿ ನಾನು ನಿನಗೆ ಕೊಟ್ಟಿದ್ದೆ ಅಲ್ವಾ? ಗೆರಟೆಯಲ್ಲಿ?"

ಬೀಡಿಯ ಮೊರ ನನ್ನ ಮಡಿಲಲ್ಲಿತ್ತು. ಕೈ ನಿಲ್ಲಿಸದೆ ಹೇಳಿದೆ: "ನೀನು ಕೊಟ್ಟದ್ದೆಲ್ಲ ಹಾಕಿದ್ದೇನೆ ಅಣ್ಣ. ಚಾವಿ ನೀನು ಕೊಡಲಿಲ್ಲ."

ಅವನು ನನ್ನನ್ನೇ ನೋಡಿದ. ಬೈಯಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಬೈದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವನು ನನ್ನನ್ನು ನಂಬಿದ. "ಹಾಗಾದ್ರೆ ನಾನು ಎಲ್ಲಿ ಇಟ್ಟೆ?" ಎಂದು ಮೆಲ್ಲಗೆ ಕೇಳಿದ. ಕೇಳಿದ್ದು ನನ್ನನ್ನಲ್ಲ, ತನ್ನನ್ನೇ.

ಎರಡು ದಿನ ಹುಡುಕಿದ. ಅಂಗಿಯ ಕಿಸೆ, ದೇವರ ಪಟದ ಹಿಂದೆ, ಪೆಟ್ಟಿಗೆಯ ತಳ. ನಾನೂ ಜೊತೆಗೆ ಹುಡುಕಿದೆ. ಚಾಪೆ ಕೊಡವಿ ಕೊಟ್ಟೆ. ಇಲ್ಲೂ ಇಲ್ಲ ಅಣ್ಣ ಎಂದೆ.

ಆಮೇಲೆ ಅವನು ಯಂತ್ರ ಮುಟ್ಟಲಿಲ್ಲ. ಕೆಲವರು ಪಂಪು ರಿಪೇರಿಗೆ ಕರೆದರು. ಬೆರಳಿನ ಜೊತೆ ತಲೆಯೂ ಹೋಗಿದೆ, ನನಗೆ ಈಗ ನೆನಪು ನಿಲ್ಲುವುದಿಲ್ಲ ಎಂದು ಅವರನ್ನು ಕಳುಹಿಸಿಬಿಟ್ಟ. ಹಂಚಿನ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಸೇರಿದ. ನಾನು ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಅದೇ ಎರಡು ಕೋಣೆಗಳಲ್ಲಿ ಒಬ್ಬರ ಎದುರು ಒಬ್ಬರು ಕುಳಿತು ಊಟ ಮಾಡಿದೆವು. ಬಾಯಿ ತೆರೆಯಬೇಕು ಎಂದು ಎಷ್ಟೋ ಸಲ ತಟ್ಟೆಯ ಮುಂದೆ ಕುಳಿತೆ. ವರ್ಷ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಈಗ ಹೇಳಿದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಲ್ಲ.

ಮನೆಗೆ ನೆಂಟರು ಬಂದು ಹಳೆಯ ಸಂಗತಿ ಏನಾದರೂ ಕೇಳಿದರೆ, ಯಾರ ಮದುವೆ ಯಾವ ವರ್ಷ, ಅಮ್ಮ ತೀರಿಕೊಂಡದ್ದು ಯಾವ ತಿಂಗಳು ಎಂದು, ಅಣ್ಣ ಎಡಗೈ ನನ್ನ ಕಡೆ ತೋರಿಸುತ್ತಿದ್ದ.

"ನನ್ನನ್ನು ಕೇಳಬೇಡಿ. ಅವಳನ್ನು ಕೇಳಿ, ಅವಳಿಗೆ ಎಲ್ಲ ನೆನಪು ಉಂಟು."

ಅವರು ನನ್ನ ಕಡೆ ತಿರುಗುತ್ತಿದ್ದರು. ನಾನು ಹೇಳುತ್ತಿದ್ದೆ.